ಕಾಗೆ ತೋರಿಸುವ ಮಿಸ್ ಡೆನ್ಮಾರ್ಕಿಗೆ ಹೋದದ್ದು

ಮೊದಲು ನಮ್ಮ ಗೇಟು

"ಮಿಸ್, ಈ ವರ್ಷ ಯಾಕೆ ಕಾಗೆ ತೋರಿಸ್ತಾ ಇಲ್ಲ?" ಎಂದು ಈ ಜೂನ್ ತಿಂಗಳಲ್ಲಿ ನನ್ನನ್ನು ಕೇಳದ ತಾಯಿಯಿಲ್ಲ. ಗೇಟಿನ ಮುಂದೆ ಗಲಾಟೆ ಜಾಸ್ತಿಯಾಗಿದೆ, ಅಳು ಜಾಸ್ತಿಯಾಗಿದೆ, ಆಟೋದವರು ಹಾರ್ನ್ ಹೊಡೆಯುತ್ತಾರೆ, ಎದುರು ಮನೆಯ ಅಂಕಲ್ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದು ನಿಲ್ಲುತ್ತಾರೆ. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಸಾಕಾಗಿ ಇದನ್ನು ಬರೆಯಲು ಕೂತಿದ್ದೇನೆ. ಕಾರಣ ಡೆನ್ಮಾರ್ಕಿನಲ್ಲಿದೆ. ನಗಬೇಡಿ, ನಿಜವಾಗಿಯೂ ಅಲ್ಲೇ ಇದೆ.

ನಾನು ಶೈಲಜಾ. ಮನೆ ಬಸವೇಶ್ವರನಗರ, ಕೆಲಸ ಮಾರೇನಹಳ್ಳಿಯ ಒಂದು ಸಣ್ಣ ಶಾಲೆಯ ನರ್ಸರಿಯಲ್ಲಿ, ಹದಿನೇಳು ವರ್ಷದಿಂದ. ಗಂಗವ್ವ ಅದೇ ಶಾಲೆಯ ಆಯಾ. ಗದಗ ಕಡೆಯವರು, ಕೆಂಗೇರಿಯಲ್ಲಿದ್ದಾರೆ, ದಿನಾ ಮೆಟ್ರೋದಲ್ಲಿ ಬರುತ್ತಾರೆ, ನನಗಿಂತ ಆರು ವರ್ಷ ದೊಡ್ಡವರು. ಹೊಸ ಮಕ್ಕಳು ಬರುವ ಜೂನ್ ತಿಂಗಳಲ್ಲಿ ನಾವಿಬ್ಬರೂ ಒಂದು ಕಲೆಯನ್ನು ಪ್ರದರ್ಶಿಸುತ್ತಿದ್ದೆವು. ತಾಯಿ ಮಗುವನ್ನೆತ್ತಿಕೊಂಡು ಗೇಟಿಗೆ ಬರುತ್ತಾಳೆ. ಗಂಗವ್ವ ಮಾತನಾಡಿಸುತ್ತಲೇ ಮಗುವನ್ನು ತಮ್ಮ ಸೊಂಟಕ್ಕೆ ದಾಟಿಸಿಕೊಳ್ಳುತ್ತಾರೆ. ನಾನು ಬೆರಳೆತ್ತಿ, "ಅಲ್ನೋಡು ಪುಟ್ಟಾ, ಕಾಗೆ! ಕಾಗೆ ಬಂತು ಕಾಗೆ!" ಎನ್ನುತ್ತೇನೆ. ಮಗು ಮೇಲೆ ನೋಡುತ್ತದೆ. ತಾಯಿ ನಿಂತಿರುವ ಆಟೋದ ಹಿಂದೆ ಮಾಯ. ಮಗು ತಿರುಗುವಷ್ಟರಲ್ಲಿ ಗೇಟು ಮುಚ್ಚಿರುತ್ತದೆ, ಅದರ ಕೈಗೊಂದು ಬಿಸ್ಕತ್ತು ಬಂದಿರುತ್ತದೆ. ಒಟ್ಟು ಎರಡು ನಿಮಿಷದ ಕೆಲಸ.

"ನಿಮ್ಮ ಹತ್ರ ಬಿಟ್ರೆ ಮಕ್ಳು ಅಳೋದೇ ಇಲ್ವಂತೆ ಮಿಸ್, ಅದಕ್ಕೇ ಮಹಾಲಕ್ಷ್ಮಿ ಲೇಔಟಿಂದ ಇಲ್ಲೀವರ್ಗೂ ಬಂದ್ವಿ," ಎಂದು ಒಬ್ಬಾಕೆ ಹೇಳಿದ ದಿನ ನಾನು ಮನೆಗೆ ಹೋಗಿ ಎರಡು ಸಲ ಕನ್ನಡಿ ನೋಡಿಕೊಂಡೆ. ಹೊಸಹಳ್ಳಿಯವರೆಗೂ ನನಗೆ ಕಾಗೆ ಮಿಸ್ ಎಂದೇ ಹೆಸರು. ಹೀಗಿರುವಾಗ ಡೆನ್ಮಾರ್ಕಿನ ಒಂದು ಸಣ್ಣ ಊರಿನ ಶಿಶುವಿಹಾರದಿಂದ ನಮ್ಮ ಶಾಲೆಗೆ ಪತ್ರ ಬಂತು. ನಿಮ್ಮವರಿಬ್ಬರು ಹತ್ತು ದಿನ ನಮ್ಮಲ್ಲಿ ಬಂದಿರಲಿ, ಆಮೇಲೆ ನಮ್ಮವರಿಬ್ಬರು ನಿಮ್ಮಲ್ಲಿಗೆ ಬರುತ್ತಾರೆ ಎಂದು. ಶಾಲೆಯ ಕಾರ್ಯದರ್ಶಿಗಳು ಅಂದೇ ಸಂಜೆ ಹೋಗಿ ಮಫ್ಲರ್ ಕೊಂಡು ತಂದರು. ಪತ್ರದ ಕೊನೆಯ ಸಾಲನ್ನು ಮಾರನೆಯ ದಿನ ಓದಿದರು: ದಿನವಿಡೀ ಮಕ್ಕಳ ಜೊತೆ ಇರುವವರೇ ಬರಬೇಕು. ಮಫ್ಲರ್ ಗಂಗವ್ವನ ಪಾಲಾಯಿತು.

ಮೋಡದ ಮೇಲೆ

ಗಂಗವ್ವನಿಗೆ ಅದು ಮೊದಲ ವಿಮಾನ. ನನಗೆ ಎರಡನೆಯದು, ಆದ್ದರಿಂದ ನಾನೇ ಗುರು. ಬೆಲ್ಟ್ ಹಾಕುವುದು ಹೇಗೆಂದು ಅವರಿಗೆ ತೋರಿಸಿಕೊಡಲು ಹೋಗಿ ನನ್ನ ಬೆಲ್ಟನ್ನು ಪಕ್ಕದ ಸೀಟಿನದಕ್ಕೆ ಸಿಕ್ಕಿಸಿಕೊಂಡೆ. ಬಿಡಿಸಲು ಗಗನಸಖಿಯೇ ಬರಬೇಕಾಯಿತು. "ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ನಬೇಕ್ರಿ ಮಿಸ್," ಎಂದು ಗಂಗವ್ವ ಕಿಟಕಿಯತ್ತ ತಿರುಗಿಕೊಂಡು ನಕ್ಕರು.

ಹಿಂದಿನ ಸಾಲಿನಲ್ಲಿ ಎರಡು ವರ್ಷದ ಮಗುವೊಂದು ವಿಮಾನ ಏರಿದ ಕ್ಷಣದಿಂದ ಅಳುತ್ತಿತ್ತು. ಅದರ ತಾಯಿ ಆಟಿಕೆ, ಮೊಬೈಲು, ಚಾಕೊಲೇಟು ಎಲ್ಲ ಮುಗಿಸಿ ಕೈಚೆಲ್ಲಿ ಕೂತಿದ್ದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗಂಗವ್ವ ಎದ್ದು, "ತಾ ಯವ್ವಾ ಇಲ್ಲೆ," ಎಂದು ಮಗುವನ್ನು ಎತ್ತಿಕೊಂಡೇಬಿಟ್ಟರು. ನಾನು ಕಿಟಕಿಯತ್ತ ಬೆರಳು ಮಾಡಿ "ಕಾಗೆ!" ಎಂದೆ. ಅಳು ಟಕ್ಕನೆ ನಿಂತಿತು. ಅಷ್ಟು ಎತ್ತರದಲ್ಲಿ ಕಾಗೆ ಎಲ್ಲಿಂದ ಬರಬೇಕು? ಆದರೆ ಆ ಮಗು ನನ್ನ ಮಾತನ್ನು ನಂಬಿ, ಮುಂದಿನ ಒಂದು ಗಂಟೆ ಮೂಗನ್ನು ಗಾಜಿಗೊತ್ತಿ ಮೋಡದೊಳಗೆ ಕಾಗೆ ಹುಡುಕಿತು. ಅದರ ತಾಯಿ ಕೈ ಮುಗಿದಳು. ಡೆನ್ಮಾರ್ಕಿನವರಿಗೆ ನಾವು ಕಲಿಸಿ ಬರುವುದು ಬಹಳವಿದೆ ಎಂದು ನಾನು ಗಂಗವ್ವನಿಗೆ ಹೇಳಿದೆ.

ಸೋಮವಾರ: ಹೊರಗೆ ಮರೆತ ಮಕ್ಕಳು

ಮಾರ್ಚ್ ಕೊನೆಯ ವಾರ. ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತರೂ ಬೆವರು, ಇಲ್ಲಿ ಮಾತನಾಡಿದರೆ ಬಾಯಿಂದ ಹೊಗೆ. ಶಿಶುವಿಹಾರ ಹಳದಿ ಇಟ್ಟಿಗೆಯ ತಗ್ಗು ಕಟ್ಟಡ, ಸುತ್ತ ಕೆಸರಿನ ಅಂಗಳ. ಬಾಗಿಲಲ್ಲಿ ನಮ್ಮನ್ನು ಎದುರುಗೊಂಡವರು ಆರೂವರೆ ಅಡಿಯ ಗಡ್ಡದ ಮನುಷ್ಯ. ಒಂದು ಕೈಯಲ್ಲಿ ಒದ್ದೆ ಚಡ್ಡಿ, ಇನ್ನೊಂದರಲ್ಲಿ ಹುಡುಗಿಯ ಅರ್ಧ ಹೆಣೆದ ಜಡೆ. ವಾಚ್‌ಮನ್ ಇರಬೇಕು ಅಂದುಕೊಂಡು, ಮಿಸ್ ಎಲ್ಲಿ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದೆ. "ನಾನೇ," ಎಂದರು. ಅವರ ಹೆಸರು ಯೆನ್ಸ್. ಮೂರು ವರ್ಷದ ಮಕ್ಕಳೂ ಅವರನ್ನು ಯೆನ್ಸ್ ಎಂದೇ ಕೂಗುತ್ತಿದ್ದವು.

"ಇವರ್ನ ನಾ ಏನಂತ ಕರೀಲ್ರೀ? ಬರೇ ಹೆಸರು ಹಿಡದು ಕರಿಯೂದು ಚೊಲೊ ಅಲ್ಲ," ಎಂದು ಗಂಗವ್ವ ಯೋಚಿಸಿ ಯೋಚಿಸಿ, ಕೊನೆಗೆ ಯೆನ್ಸ್ ಮಿಸ್ ಎಂದು ಕರೆಯಲು ಶುರು ಮಾಡಿದರು. ಅರ್ಥ ಗೊತ್ತಾದ ಮೇಲೆ ಅವರೂ ಖುಷಿಯಿಂದಲೇ ಓಗೊಟ್ಟರು.

ಮಧ್ಯಾಹ್ನ ಊಟವಾದ ಮೇಲೆ ಯೆನ್ಸ್ ಯಾರದೋ ಬೂಟು ಹುಡುಕಲು ಹೋಗಿದ್ದರು. ಗಂಗವ್ವ ಹಿತ್ತಲಿಗೆ ಹೋದವರು ಓಡಿ ಬಂದರು. "ಅಯ್ಯ ನನ ಶಿವನ! ಮಿಸ್, ಕೂಸುಗೋಳ್ನ ಹೊರಗ ಮರತು ಬಂದಾರ್ರೀ!"

ಹೋಗಿ ನೋಡಿದರೆ ನಿಜ. ಮಾಡಿನ ಕೆಳಗೆ ಸಾಲಾಗಿ ಏಳು ತಳ್ಳುಗಾಡಿ, ಏಳರಲ್ಲೂ ಮಲಗಿದ ಮಕ್ಕಳು, ಕಿವಿ ಕಿತ್ತು ಹೋಗುವಂಥ ಗಾಳಿ. ನಮ್ಮಲ್ಲಿ ಡಿಸೆಂಬರ್ ಬಂತೆಂದರೆ ಕಿವಿಗೆ ಹತ್ತಿ ಇಡದೆ ಮಗುವನ್ನು ಹೊಸಿಲು ದಾಟಿಸುವುದಿಲ್ಲ. ಹಿಂದೆ ಮುಂದೆ ನೋಡಲಿಲ್ಲ. ಒಂದೊಂದೇ ಗಾಡಿಯನ್ನು ತಳ್ಳಿಕೊಂಡು ಒಳಗೆ ತಂದು, ಹೀಟರಿನ ಪಕ್ಕ ನಿಲ್ಲಿಸಿ, ಕಿಟಕಿ ಮುಚ್ಚಿ, ಏಳು ಜೀವ ಉಳಿಸಿದ ಸಮಾಧಾನದಲ್ಲಿ ಗೋಡೆಗೊರಗಿ ನಿಂತೆವು. ಐದು ನಿಮಿಷವಾಗಿರಲಿಲ್ಲ, ಮೊದಲನೆಯದು ಎದ್ದು ಕಿರುಚಿತು. ಆಮೇಲೆ ಎರಡನೆಯದು. ಆಮೇಲೆ ಏಳೂ.

ಯೆನ್ಸ್ ಒಂದು ಬೂಟು ಹಿಡಿದು ಬಾಗಿಲಲ್ಲಿ ನಿಂತರು. ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಲ್ಲಿ ಮಕ್ಕಳು ಮಲಗುವುದೇ ಹೊರಗಂತೆ. ತಣ್ಣನೆ ಗಾಳಿಯಲ್ಲಿ ನಿದ್ದೆ ಗಟ್ಟಿಯಂತೆ. ಗಾಡಿಯೊಳಗೆ ಕೈ ಹಾಕಿ ನೋಡಿ ಎಂದರು. ಉಣ್ಣೆಯ ಮೇಲೆ ಉಣ್ಣೆ, ಅದರ ಮೇಲೆ ರಜಾಯಿ. ಮಕ್ಕಳು ಹಾಟ್‌ಬಾಕ್ಸಿನೊಳಗಿನ ಚಪಾತಿಯ ಹಾಗೆ ಬೆಚ್ಚಗಿದ್ದವು. ನಾವು ಒಳಗೆ ತಂದದ್ದೇ ಸೆಖೆಗೆ ಎದ್ದುಬಿಟ್ಟಿದ್ದವು.

ಮಂಗಳವಾರ: ಕೈ ಬೀಸುವ ಕಿಟಕಿ

ಅಲ್ಲಿನ ಬೆಳಗನ್ನು ನಿಮಗೆ ಹೇಳಬೇಕು. ಬಾಗಿಲ ಪಕ್ಕ ಒಂದು ತಗ್ಗಿನ ದೊಡ್ಡ ಕಿಟಕಿ, ಅದರ ಕೆಳಗೆ ಮಕ್ಕಳು ಹತ್ತಿ ನಿಲ್ಲಲು ಎರಡು ಮೆಟ್ಟಿಲ ಮರದ ಕಟ್ಟೆ. ಅದಕ್ಕೆ ಕೈ ಬೀಸುವ ಕಿಟಕಿ ಎಂದೇ ಹೆಸರು. ಅಪ್ಪನೋ ಅಮ್ಮನೋ ಮಗುವಿನ ಕೋಟು ತೆಗೆದು ಮೊಳೆಗೆ ಹಾಕಿ, ನಾನು ಹೋಗುತ್ತೇನೆ ಎಂದು ಬಾಯಿಬಿಟ್ಟು ಹೇಳಿ, ಅಪ್ಪಿಕೊಂಡು, ಹೊರಗೆ ಹೋಗಿ ಆ ಕಿಟಕಿಯ ಮುಂದೆ ನಿಲ್ಲುತ್ತಾರೆ. ಒಳಗೆ ಮಗು ಕಟ್ಟೆ ಹತ್ತುತ್ತದೆ. ಇಬ್ಬರೂ ಕೈ ಬೀಸುತ್ತಾರೆ. ಟೈ ಕಟ್ಟಿದ್ದ ಒಬ್ಬ ಅಪ್ಪ ದಿನಾ ಮೂರು ಹೆಜ್ಜೆ ಕುಣಿದು ಸೈಕಲ್ ಹತ್ತುತ್ತಿದ್ದ. ಒಬ್ಬ ಅಜ್ಜಿ ಗಾಜಿನ ಮೇಲೆ ಉಸಿರೂದಿ ಬೆಕ್ಕು ಬರೆಯುತ್ತಿದ್ದರು. ಕೆಲವು ಮಕ್ಕಳು ಅಳುತ್ತಿದ್ದವು. ಯಾರೂ ಗಾಬರಿಯಾಗುತ್ತಿರಲಿಲ್ಲ.

"ಇಷ್ಟು ಕೈ ಬೀಸೂದ್ರಾಗ ನಮ್ಮ ಸಾಲ್ಯಾಗ ಪ್ರಾರ್ಥನಾ ಮುಗದು, ಒಂದು ಸುತ್ತು ಹಾಜರಿನೂ ಆಗತಿತ್ತು," ಎಂದರು ಗಂಗವ್ವ. ನನ್ನ ಅಭಿಪ್ರಾಯವೂ ಅದೇ. ಎರಡು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ. ಹೋಗುತ್ತೇನೆ ಎಂದು ಹೇಳಿ ಅಳಿಸುವುದು ಯಾವ ಜಾಣತನ?

ಕೊನೆಗೆ ಬಂದವಳು ಆಲ್ಮಾ. ಮೂರು ವರ್ಷ, ಹುಬ್ಬೇ ಕಾಣದಷ್ಟು ಬಿಳಿ ಕೂದಲು, ಕೆಂಪು ಬೂಟು. ಎರಡು ವಾರದ ಹಿಂದಷ್ಟೇ ಸೇರಿದ್ದಳಂತೆ. ಮೊದಲ ವಾರ ಅಮ್ಮನನ್ನು ಬಿಟ್ಟಿರಲೇ ಇಲ್ಲವಂತೆ. ಆಮೇಲೆ ಅವರಿಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಆಲ್ಮಾ ಒಳಗಿನಿಂದ ಅಂಗೈಯನ್ನು ಗಾಜಿಗೆ ಒತ್ತುತ್ತಾಳೆ, ಅಮ್ಮ ಹೊರಗಿನಿಂದ ಅದೇ ಜಾಗಕ್ಕೆ ಅಂಗೈ ಒತ್ತುತ್ತಾಳೆ, ಆಮೇಲೆ ಅಮ್ಮ ಹೋಗಬಹುದು. ಆಕೆ ಸಿಟಿ ಬಸ್ಸು ಓಡಿಸಲು ತರಬೇತಿ ಮುಗಿಸಿದ್ದಳು. ಬರುವ ಸೋಮವಾರದಿಂದ ಕೆಲಸ. ಬಸ್ಸು ಯಾರಿಗೂ ಕಾಯುವುದಿಲ್ಲ, ಡ್ರೈವರಿನ ಮಗಳಿಗೂ ಕಾಯುವುದಿಲ್ಲ. ಸೋಮವಾರದೊಳಗೆ ಆಲ್ಮಾ ನೆಮ್ಮದಿಯಾಗಿ ಉಳಿಯದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತದೆ. "ಈಗ ಪರವಾಗಿಲ್ಲ, ಅವಳು ಗೆದ್ದಳು," ಎಂದು ಯೆನ್ಸ್ ಹೆಮ್ಮೆಯಿಂದ ಹೇಳಿದರು.

ಬುಧವಾರ: ಕಾಗೆ

ಆ ಬೆಳಿಗ್ಗೆ ಯೆನ್ಸ್ ಫೋನಿನಲ್ಲಿದ್ದರು. ಆಲ್ಮಾ ಸರಿಯಾಗಿ ನಿದ್ದೆ ಮಾಡಿರಲಿಲ್ಲವೋ ಏನೋ, ಬಾಗಿಲಲ್ಲೇ ಅಮ್ಮನ ಕೋಟು ಹಿಡಿದು ಕೊಸರಾಡುತ್ತಿದ್ದಳು. ಅಮ್ಮ ನನ್ನತ್ತ ನೋಡಿ ಸೋತ ನಗೆ ನಕ್ಕಳು. ಹದಿನೇಳು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ನಾನು ಗಂಗವ್ವನನ್ನು ನೋಡಿದೆ, ಗಂಗವ್ವ ನನ್ನನ್ನು ನೋಡಿದರು. ಮಗು ಆಗಲೇ ಅವರ ಸೊಂಟದಲ್ಲಿತ್ತು. ಅಂಗಳದ ಕಡೆಯ ಬಾಗಿಲಾಚೆ, ಬೇಲಿಯ ಮೇಲೆ, ದೇವರೇ ಕಳಿಸಿದ ಹಾಗೆ ಒಂದು ಕಾಗೆ ಕೂತಿತ್ತು. ಅಲ್ಲಿನ ಕಾಗೆಗೆ ಮೈ ಬೂದಿ ಬಣ್ಣ, ತಲೆ ರೆಕ್ಕೆ ಮಾತ್ರ ಕಪ್ಪು. "ಅಲ್ನೋಡು ಪುಟ್ಟಾ, ಕಾಗೆ!" ಎಂದೆ. ಆಲ್ಮಾ ನೋಡಿದಳು. ಬೆನ್ನ ಹಿಂದೆ ಕೈಯಾಡಿಸಿ, ಹೋಗು ಹೋಗು ಎಂದು ಅವಳ ಅಮ್ಮನಿಗೆ ಸನ್ನೆ ಮಾಡಿದೆ. ದೂರದಿಂದ ಬಂದ ಅನುಭವಸ್ಥರು ಎಂದುಕೊಂಡು ಆಕೆ ಹೋದಳು.

ಆಕೆ ಹೊರಗೆ ಕಿಟಕಿಯ ಮುಂದೆ ನಿಂತು, ಖಾಲಿ ಗಾಜಿಗೆ ಅಂಗೈ ಒತ್ತಿಕೊಂಡು ಕಾದಳು ಎಂಬುದು ನನಗೆ ಆಮೇಲೆ ತಿಳಿದದ್ದು. ಇತ್ತ ನಾವು ಕಾಗೆಯ ಕೊಕ್ಕು ತೋರಿಸಿದೆವು, ಬಾಲ ತೋರಿಸಿದೆವು, ಗಂಗವ್ವ ಕಾಗೆಯ ಹಾಗೆ ಕೂಗಿಯೂ ತೋರಿಸಿದರು. ಆಲ್ಮಾ ನಕ್ಕಳು ಕೂಡ. ಆಮೇಲೆ ಏನೋ ನೆನಪಾದವಳಂತೆ ಸೊಂಟದಿಂದ ಜಾರಿ, ಓಡಿ ಹೋಗಿ ಕಟ್ಟೆ ಹತ್ತಿದಳು. ಹೊರಗೆ ಯಾರೂ ಇರಲಿಲ್ಲ.

ಅವಳು ಅಳಲಿಲ್ಲ. ನಮ್ಮಲ್ಲಾದರೆ ಅಲ್ಲಿಗೆ ಗೆದ್ದಂತೆ. ಅಂಗೈಯನ್ನು ಗಾಜಿಗೆ ಒತ್ತಿಕೊಂಡು ಸುಮ್ಮನೆ ನಿಂತಳು. ಬಿಸ್ಕತ್ತು ಕೊಟ್ಟೆ, ತಗೊಳ್ಳಲಿಲ್ಲ. ಎತ್ತಿಕೊಳ್ಳಲು ಹೋದೆ, ಮೈಯೆಲ್ಲ ಬಿಗಿ ಮಾಡಿಕೊಂಡಳು. ಯೆನ್ಸ್ ಬಂದು ಒಂದೇ ನೋಟದಲ್ಲಿ ಅರ್ಥ ಮಾಡಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನೇರವಾಗಿ ಆಲ್ಮಾಳ ಅಮ್ಮನಿಗೆ ಫೋನ್ ಮಾಡಿ, "ಬನ್ನಿ, ಅವಳು ನಿಮ್ಮನ್ನು ಇನ್ನೂ ಕಳಿಸಿಲ್ಲ," ಎಂದರಂತೆ.

ಆಕೆ ಇಪ್ಪತ್ತು ನಿಮಿಷ ಸೈಕಲ್ ತುಳಿದು ವಾಪಸ್ ಬಂದಳು, ಬರೀ ಕೈ ಬೀಸಲು! ನಮ್ಮ ಗೇಟಿನಲ್ಲಿ ಹೋದ ತಾಯಿ ವಾಪಸ್ ಬಂದರೆ ಅಂದಿನ ದಿನ ಎಕ್ಕುಟ್ಟಿಹೋದ ಹಾಗೆ. ಇಲ್ಲೂ ಹಾಗೇ ಆಯಿತು. ಅಮ್ಮನನ್ನು ಕಂಡ ಮೇಲೆ ಆಲ್ಮಾ ಬಿಕ್ಕಿ ಬಿಕ್ಕಿ ಅತ್ತಳು, ಬಿಡಲೇ ಇಲ್ಲ. ಕೊನೆಗೆ ಆಕೆ ಮಗಳನ್ನು ಕರೆದುಕೊಂಡೇ ಹೋದಳು.

ಗುರುವಾರ: ನನ್ನ ಬೆರಳು

ಮಾರನೆಯ ದಿನ ಅಮ್ಮ ಮೂಲೆಯ ಕುರ್ಚಿಯಲ್ಲಿ ಕೂತಳು, ಆಲ್ಮಾ ಅವಳ ಕೋಟಿನ ತುದಿ ಹಿಡಿದು ಕೂತಳು. ಎರಡು ವಾರದ ಕೆಲಸ ನೀರಿನಲ್ಲಿ ಹೋಮವಾಗಿತ್ತು. ಅಂಗಳಕ್ಕೆ ಒಂದು ಮೊಲ ಬಂದಾಗ ನಾನು ಮೈಮರೆತು ಬೆರಳೆತ್ತಿ ತೋರಿಸಿದೆ. ಎಲ್ಲ ಮಕ್ಕಳೂ ಮೊಲದ ಕಡೆ ನೋಡಿದವು. ಆಲ್ಮಾ ಮಾತ್ರ ತಟಕ್ಕನೆ ಅಮ್ಮನ ಕಡೆ ತಿರುಗಿ ಎರಡೂ ಕೈಯಿಂದ ಕೋಟು ಹಿಡಿದಳು. ನಾನು ಬೆರಳು ತೋರಿಸಿದರೆ ಅಮ್ಮ ಮಾಯವಾಗುತ್ತಾಳೆ ಎಂದು ಅವಳು ಒಂದೇ ಪಾಠದಲ್ಲಿ ಕಲಿತಿದ್ದಳು. ಹದಿನೇಳು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಬೇಗ ಯಾರೂ ಏನನ್ನೂ ಕಲಿತಿರಲಿಲ್ಲ.

ನನಗೆ ನಾಚಿಕೆಯಾಯಿತು. ಅವಳ ಅಮ್ಮನ ಮುಖ ನೋಡಲು ಧೈರ್ಯ ಬರಲಿಲ್ಲ. ಆಕೆ ಯೆನ್ಸ್ ಜೊತೆ ಮಾತನಾಡುವಾಗ, ಸೋಮವಾರ ಎಂಬ ಪದ ಮತ್ತೆ ಮತ್ತೆ ಬರುತ್ತಿದೆ ಎಂದು ಡ್ಯಾನಿಶ್ ಬಾರದ ನನಗೂ ತಿಳಿಯುತ್ತಿತ್ತು.

ಸಂಜೆ ನಮ್ಮ ಕೋಣೆಯಲ್ಲಿ ಅನ್ನಕ್ಕೆ ಚಟ್ನಿಪುಡಿ ಕಲಸುತ್ತಾ ಗಂಗವ್ವ ಕೇಳಿದರು. "ಮಿಸ್, ಆ ರಾಜಾಜಿನಗರದ ಹುಡುಗಿ ನೆನಪೈತೇನ್ರೀ? ಎರಡು ಜಡಿ ಹಾಕ್ಕೊಂಡು ಬರತಿತ್ತು. ತಿಂಗಳಾನಗಟ್ಟಲೆ ಗೇಟಿನ ಸಳಿ ಹಿಡಕೊಂಡು ನಿಂದರತಿತ್ತಲ್ಲಾ?"

"ಹೂಂ. ಗೇಟ್ ಹುಚ್ಚು ಅಂತ ನಗ್ತಾ ಇದ್ವಿ."

"ಅಳತಿರಲಿಲ್ಲ ಅದು. ನಾವು ಶಾಣ್ಯಾ ಕೂಸು ಅಂದ್ವಿ."

ಆಮೇಲೆ ಇಬ್ಬರೂ ಊಟ ಮಾಡಲಿಲ್ಲ. ಎಷ್ಟು ಮಕ್ಕಳು ಹಾಗೆ ಮೇಲೆ ನೋಡಿ, ತಿರುಗಿ, ಖಾಲಿ ರಸ್ತೆ ಕಂಡಿರಬೇಕು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಅಳು ನಿಲ್ಲಿಸುವುದನ್ನೇ ನಾನು ಸಮಾಧಾನ ಮಾಡುವುದು ಅಂದುಕೊಂಡಿದ್ದೆ.

ಶುಕ್ರವಾರ: ಹೋಗುವುದು, ಬರುವುದು

ನಾನೇನು ಮಾಡಲಿ ಎಂದು ಯೆನ್ಸ್ ಅವರನ್ನು ಕೇಳಿದೆ. "ಅವಳ ಹತ್ತಿರ ಕ್ಷಮೆ ಕೇಳಿ," ಎಂದರು, ಕೈ ತೊಳೆಯಿರಿ ಎಂದಷ್ಟೇ ಸಲೀಸಾಗಿ.

ಮೂರು ವರ್ಷದ ಮಗುವಿನ ಹತ್ತಿರ! ನಮ್ಮಲ್ಲಿ ಮಿಸ್ ಆದವಳು ಹೆಡ್‌ಮಿಸ್ ಹತ್ತಿರವೇ ಕ್ಷಮೆ ಕೇಳುವುದು ಅಪರೂಪ. ಯಾವ ಭಾಷೆಯಲ್ಲಿ ಕೇಳಲಿ ಎಂದೆ. "ನಿಮ್ಮದರಲ್ಲೇ ಹೇಳಿ, ನಾನು ನಮ್ಮದರಲ್ಲಿ ಹೇಳುತ್ತೇನೆ," ಎಂದರು. ಸೀರೆ ಮಡಚಿಕೊಂಡು ನೆಲದ ಮೇಲೆ ಕೂತೆ. "ತಪ್ಪಾಯ್ತು ಕಣಮ್ಮಾ. ನಾನು ಕಾಗೆ ತೋರಿಸಿ ನಿಮ್ಮಮ್ಮನ್ನ ಕಳಿಸ್ಬಿಟ್ಟೆ. ಹಾಗ್ ಮಾಡ್ಬಾರ್ದಿತ್ತು. ಇನ್ಮೇಲೆ ಮಾಡಲ್ಲ." ಆಲ್ಮಾ ನನ್ನ ಹಣೆಯ ಬೊಟ್ಟನ್ನೇ ನೋಡುತ್ತಿದ್ದಳು. ಮಕ್ಕಳು ನಮ್ಮ ಅನುಕೂಲಕ್ಕೆ ತಕ್ಕಂತೆ ಕ್ಷಮಿಸುವುದಿಲ್ಲ.

ಮುಂದಿನದು ಗಂಗವ್ವನ ತಲೆಯಲ್ಲಿ ಹೊಳೆದದ್ದು. "ಬಾಯಿ ಮಾತು ಬ್ಯಾಡ್ರಿ. ಹೋಗಿ ಬಂದು ತೋರಸ್ರಿ." ಅವರೇ ನನ್ನನ್ನು ಬಾಗಿಲಿನಿಂದ ಹೊರಗೆ ಕಳಿಸಿದರು. ಸೀರೆಯ ಮೇಲೆ ಯೆನ್ಸ್ ಅವರ ಪ್ಲಾಸ್ಟಿಕ್ ಅಂಗಿ, ಕಾಲಿಗೆ ಅವರದೇ ದೋಣಿಯಂಥ ಬೂಟು. ಕಿಟಕಿಯ ಮುಂದೆ ನಿಂತೆ, ಅಂಗೈ ಗಾಜಿಗೆ ಒತ್ತಿದೆ, ಕೈ ಬೀಸಿದೆ, ಸೈಕಲ್ ಶೆಡ್ಡಿನ ಹಿಂದೆ ಹೋಗಿ ಹತ್ತು ಎಣಿಸಿ, ವಾಪಸ್ ಬಂದೆ. ಒಳಗೆ ಆಲ್ಮಾ ಅಮ್ಮನ ಮಡಿಲಲ್ಲಿ ಕೂತು ನೋಡುತ್ತಿದ್ದಳು. ಮತ್ತೆ ಹೋದೆ, ಮತ್ತೆ ಬಂದೆ.

ಐದನೆಯ ಸಲಕ್ಕೆ ಉಳಿದ ಮಕ್ಕಳೆಲ್ಲ ಕಿಟಕಿಗೆ ಮುತ್ತಿಕೊಂಡಿದ್ದವು. ಏಳನೆಯ ಸಲ ಕೆಸರಿನಲ್ಲಿ ಒಂದು ಬೂಟು ಕಾಲಿನಿಂದ ಕಳಚಿ ಅಲ್ಲೇ ಉಳಿಯಿತು, ನಾನು ಒಂಟಿಕಾಲಿನಲ್ಲಿ ಕುಪ್ಪಳಿಸಿಕೊಂಡು ಬಂದೆ. ಒಳಗೆ ಬಿದ್ದು ಬಿದ್ದು ನಗು. ಬೀದಿಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಮುದುಕರೊಬ್ಬರು, ಇದೇನು ಪೂಜೆಯೋ ಎಂಬಂತೆ ನಿಂತು ನೋಡಿ, ತಾವೂ ಕಿಟಕಿಗೆ ಕೈ ಬೀಸಿ ಹೋದರು. ಹನ್ನೊಂದನೆಯ ಸಲ ವಾಪಸ್ ಬಂದಾಗ ಕಟ್ಟೆಯ ಮೇಲೆ, ಎಲ್ಲರ ಮುಂದೆ, ಆಲ್ಮಾ ನಿಂತಿದ್ದಳು. ನಾನು ಹೋಗದೆ ಸುಧಾರಿಸಿಕೊಳ್ಳುತ್ತಾ ನಿಂತರೆ ಗಾಜನ್ನು ಕುಟ್ಟಿ ಅಪ್ಪಣೆ ಮಾಡಿದಳು. ಹೋಗು! ಹೋದೆ. ಬಂದೆ. ಮತ್ತೆ ಕುಟ್ಟಿದಳು. ಊಟದ ಹೊತ್ತಿನವರೆಗೂ ನನ್ನನ್ನು ಹಾಗೇ ಅಲೆಸಿದಳು. ಮಂಡಿ ನೋವು ಇವತ್ತಿಗೂ ಇದೆ. ಅವತ್ತಿನಷ್ಟು ಸಂತೋಷ ನಾನು ಯಾವ ಪ್ರಶಸ್ತಿ ಬಂದಾಗಲೂ ಪಟ್ಟಿಲ್ಲ. ಪ್ರಶಸ್ತಿ ಯಾವುದೂ ಬಂದಿಲ್ಲ ಎಂಬುದು ಬೇರೆ ಮಾತು.

ಮತ್ತೆ ಸೋಮವಾರ: ಬಸ್ಸು

ಅಮ್ಮ ನೀಲಿ ಸಮವಸ್ತ್ರದಲ್ಲಿ ಬಂದಳು. ಎಂಟಕ್ಕೆ ಕಾಲು ಗಂಟೆ ಇರುವಾಗ ಹೊರಡಲೇಬೇಕು. ಆಲ್ಮಾ ಕೋಟು ಹಿಡಿದೇ ಇದ್ದಳು. ನನ್ನ ಬೆರಳು ತಾನಾಗಿ ಏಳದಿರಲಿ ಎಂದು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿದೆ. ಗಂಗವ್ವ ಮನೆದೇವರನ್ನೆಲ್ಲ ಕರೆಯುತ್ತಿದ್ದರು. ಅಮ್ಮ ಮಂಡಿಯೂರಿ, ಹೋಗುತ್ತೇನೆ ಎಂದು ಹೇಳಿದಳು. ಆಲ್ಮಾ ದೊಡ್ಡ ದನಿ ತೆಗೆದು ಅತ್ತಳು. ಅಳುತ್ತಲೇ ಕೋಟು ಬಿಟ್ಟಳು. ಅಳುತ್ತಲೇ ಕಟ್ಟೆ ಹತ್ತಿ ಅಂಗೈ ಒತ್ತಿದಳು. ಹೊರಗಿನ ಅಂಗೈಯೂ ಬಂತು. ಅಮ್ಮ ಓಡಿದಳು. ಆಲ್ಮಾ ಯೆನ್ಸ್ ಅವರ ಗಡ್ಡದೊಳಗೆ ಮುಖವಿಟ್ಟು ಇನ್ನಷ್ಟು ಹೊತ್ತು ಅತ್ತು, ಮೂಗು ಒರೆಸಿಕೊಂಡು, ಬೆಣ್ಣೆ ಹಚ್ಚಿದ ಬ್ರೆಡ್ ಕೇಳಿದಳು.

ಹತ್ತು ಗಂಟೆಗೆ ಯೆನ್ಸ್ ಮಕ್ಕಳನ್ನೆಲ್ಲ ಜೋಡಿ ಮಾಡಿ ಬಸ್ ಸ್ಟಾಪಿಗೆ ಹೊರಡಿಸಿದರು. ಆಲ್ಮಾಳ ಅಮ್ಮನ ಬಸ್ಸು ನೋಡಲು! "ಈಗ ಅಮ್ಮನ್ನ ನೋಡಿದ್ರೆ ಮುಗೀತು ಕಥೆ ಗಂಗವ್ವ," ಎಂದೆ. "ನೋಡ್ಲಿ ಬಿಡ್ರಿ, ಎಲ್ಲಿ ಹೋಗ್ಯಾಳಂತ ಗೊತ್ತರ ಆಗತೇತಿ," ಎಂದರು ಅವರು. ಗಾಳಿಯಲ್ಲಿ ಸಾಲಾಗಿ ನಿಂತೆವು. ತಿರುವಿನಲ್ಲಿ ಹಳದಿ ಬಸ್ಸೊಂದು ಕಾಣಿಸಿತು. ಆಲ್ಮಾ ನನ್ನ ಸೆರಗು ಜಗ್ಗಿ, ಬೆರಳೆತ್ತಿ ಅದರ ಕಡೆ ತೋರಿಸಿದಳು. ನಾವೆಲ್ಲ ಅತ್ತ ನೋಡಿದೆವು. ಅಲ್ಲಿ ಸ್ಟೇರಿಂಗಿನ ಹಿಂದೆ ನಿಜಕ್ಕೂ ಅವಳ ಅಮ್ಮ ಕೂತಿದ್ದಳು. ನಾವು ಚಪ್ಪಾಳೆ ತಟ್ಟಿದೆವು, ಗಂಗವ್ವ ಮಫ್ಲರ್ ಬಿಚ್ಚಿ ಬೀಸಿದರು, ಬಸ್ಸಿನೊಳಗಿನ ಪ್ರಯಾಣಿಕರು ಯಾರೋ ಮಂತ್ರಿ ಬಂದಿರಬೇಕೆಂದು ಎದ್ದು ನಿಂತು ನೋಡಿದರು. ಬಸ್ಸು ಹೋಯಿತು. ಆಲ್ಮಾ ಅಳಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಬಾಯಲ್ಲಿ ಎಂಜಿನ್ ಸದ್ದು ಮಾಡುತ್ತಾ ಬಂದಳು.

ಬುಧವಾರ: ಹೊರಡುವಾಗ

ನಮ್ಮ ರೈಲು ಎರಡು ಗಂಟೆಗೆ. ಎಲ್ಲ ಮಕ್ಕಳಿಗೂ ಹೇಳಿಯಾಗಿತ್ತು, ಒಬ್ಬಳಿಗೆ ಬಿಟ್ಟು. ಬೆಳಿಗ್ಗೆಯಿಂದ ಹೇಳೋಣ ಹೇಳೋಣ ಎಂದು ಮುಂದೂಡುತ್ತಾ ಬಂದೆ. ಊಟವಾದದ್ದೇ ಆಲ್ಮಾ ತಳ್ಳುಗಾಡಿಯಲ್ಲಿ ಮಲಗಿಬಿಟ್ಟಳು, ಹೊರಗೆ, ಗಾಳಿಯಲ್ಲಿ, ಮೂಗಿನ ತುದಿ ಮಾತ್ರ ಕಾಣುವಂತೆ. ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಬಾಗಿಲವರೆಗೆ ಮೆಲ್ಲಗೆ ನಡೆದೂ ಬಿಟ್ಟಿದ್ದೆ.

ಗಂಗವ್ವ ಬರಲಿಲ್ಲ. ಸೂಟ್‌ಕೇಸನ್ನು ಗಾಡಿಯ ಪಕ್ಕ ಇಟ್ಟು ಅದರ ಮೇಲೆ ಕೂತಿದ್ದರು.

"ಗಂಗವ್ವ, ಎಬ್ಬಿಸೋದು ಬೇಡ. ಟೈಮಾಯ್ತು."

"ನಾ ಎಲ್ಲಿ ಎಬ್ಬಸಾಕತ್ತೇನ್ರೀ? ತಾನ ಏಳೂತನ ಕುಂಡರತೇನಿ. ನೀವು ಹೋಗೂದಿದ್ರ ಹೋಗ್ರಿ."

ನಾನೂ ಕೂತೆ. ಎರಡು ಗಂಟೆಯ ರೈಲು ಹೋಯಿತು. ಎರಡೂವರೆಗೆ ಆಲ್ಮಾ ಕಣ್ಣು ಬಿಟ್ಟಳು. ಹೊರಡುವಾಗ ನಮ್ಮ ಬಾಯಲ್ಲಿ ಬರುವ ಮಾತು ಒಂದೇ, ಬರ್ತೀನಿ. ಹೋಗುತ್ತೇನೆ ಎನ್ನುವುದು ಅಪಶಕುನ. ಆದರೆ ಈ ಮಗುವಿಗೆ ಇನ್ನೊಂದು ಸುಳ್ಳು ಹೇಳಲಾರೆ. "ನಾನು ನಮ್ಮೂರಿಗೆ ಹೋಗ್ತೀನಿ ಪುಟ್ಟಾ. ನಾಳೆ ಬರಲ್ಲ. ನಾಡಿದ್ದೂ ಬರಲ್ಲ," ಎಂದೆ. ಪಕ್ಕದಲ್ಲಿ ಯೆನ್ಸ್ ಅದನ್ನು ಡ್ಯಾನಿಶಿನಲ್ಲಿ ಹೇಳಿದರು. ಆಲ್ಮಾ ಏನೋ ಕೇಳಿದಳು. ಗಂಗವ್ವನೂ ಹೋಗುತ್ತಾಳಾ ಎಂದು ಕೇಳುತ್ತಿದ್ದಾಳೆ ಎಂದರು. ಹೌದು ಎಂದೆ.

ಆಲ್ಮಾ ಗಾಡಿಯಿಂದಿಳಿದು, ಬರಿ ಕಾಲುಚೀಲದಲ್ಲಿ ನನ್ನ ಹಿಂದೆ ಬಂದು, ಎರಡೂ ಅಂಗೈಯನ್ನು ನನ್ನ ಬೆನ್ನ ಕೆಳಗೆ ಇಟ್ಟು ತಳ್ಳತೊಡಗಿದಳು. ಹಿತ್ತಲಿನಿಂದ ಒಳಗೆ, ಒಳಗಿನಿಂದ ಮುಂಬಾಗಿಲಿಗೆ, ಹೊಸಿಲಾಚೆಗೆ, ಮುಖ ಕೆಂಪಾಗುವಷ್ಟು ಬಲ ಹಾಕಿ. ಹಿಂತಿರುಗಿ ಹೋಗಿ ಗಂಗವ್ವನನ್ನೂ ಹಾಗೇ ತಳ್ಳಿಕೊಂಡು ಬಂದಳು. ಸೂಟ್‌ಕೇಸನ್ನೂ ತಳ್ಳಿದಳು. ಬಾಗಿಲು ಹಾಕಿದಳು.

ನಾನು ಓಡಿ ಹೋಗಿ ಕಿಟಕಿಯ ಮುಂದೆ ಅಂಗೈ ಸಿದ್ಧ ಮಾಡಿಕೊಂಡು ನಿಂತೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಕಾದೆ. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೇಲಿಯ ಸಂದಿಯಿಂದ ಕಂಡಳು. ಬೂಟು ಹಾಕಿಕೊಂಡು ಕೆಸರಿನಲ್ಲಿ ಕೂತು, ಬಕೆಟ್ಟಿಗಾಗಿ ಯಾರ ಜೊತೆಗೋ ಜೋರಾಗಿ ಜಗಳವಾಡುತ್ತಿದ್ದಳು. ಒಂದು ಸಲವೂ ಈ ಕಡೆ ತಿರುಗಲಿಲ್ಲ.

ನಲವತ್ತೆಂಟು ವರ್ಷದ ಹೆಂಗಸು, ಬೇರೆ ದೇಶದ ನಡುಬೀದಿಯಲ್ಲಿ, ಸೈಕಲ್ಲಿನವರೆಲ್ಲ ನೋಡುತ್ತಿರುವಾಗ, ಗೊಳೋ ಎಂದು ಅತ್ತುಬಿಟ್ಟೆ. ನಡುವೆ ನಗುವೂ ಬರುತ್ತಿತ್ತು. ಗಂಗವ್ವ ಸೂಟ್‌ಕೇಸು ಕೆಳಗಿಟ್ಟು, ನನ್ನ ಪಕ್ಕ ನಿಂತು, ಬೆನ್ನ ಮೇಲೆ ಕೈಯಿಟ್ಟರು.

"ಅಳ್ರಿ ಮಿಸ್, ಪೂರಾ ಅಳ್ರಿ," ಎಂದರು. "ಇನ್ನೊಂದು ರೈಲು ಐತಿ."